ಪರದೆಯ ಹಿಂದಿನ ಪೈಲ್ವಾನ

ಮೂರು ವರ್ಷದ ಚೆನ್ನವೀರ
ಕಿಟಕಿಯ ಪರದೆ ಸುತ್ತಿಕೊಂಡು ನಿಂತಿದ್ದಾನೆ,
ತುದಿಗಾಲಲ್ಲಿ, ತೊಡೆಗೆ ತೊಡೆ ಹೆಣೆದು,
ಮುಖ ಕೆಂಪು, ಹಲ್ಲು ಬಿಗಿ.
ಎದುರಾಳಿ ಯಾರೂ ಇಲ್ಲ.
ತನ್ನ ಹೊಟ್ಟೆಯ ಜೊತೆಗೇ ಕುಸ್ತಿ.

ಹೊರಗೆ ಹಲ್ ಊರಿನ ಬೆಳಗು,
ಕೆನೆಬಣ್ಣದ ಟೆಲಿಫೋನ್ ಪೆಟ್ಟಿಗೆ, ಬಸ್ಸಿಗೆ ಕಾದ ಛತ್ರಿಗಳು.
ಬೇಕರಿಯ ರಾತ್ರಿಪಾಳಿ ಮುಗಿಸಿ ಬಂದವನು ನಾನು,
ಮೊಣಕೈಗೆ ಇನ್ನೂ ಮೈದಾ ಮೆತ್ತಿದೆ.
"ಬರ್ತಿದೆಯಾ ಮರೀ?"
"ಇಲ್ಲ," ಅನ್ನುತ್ತದೆ ಪರದೆ.

ಆರು ದಿನವಾಯಿತು.
ಕೊನೆಯ ಸಲ ಬಂದದ್ದು ಕಲ್ಲು,
ಅದರ ಮೈಮೇಲೆ ನೆತ್ತರ ಗೆರೆ.
ಅಂದೇ ಅವನು ಪಟ್ಟು ಹಿಡಿದ:
ನೋಯುವ ಬಾಗಿಲು ತೆರೆಯುವುದಿಲ್ಲ.
ತೆರೆಯದಷ್ಟೂ ಕಲ್ಲು ದಪ್ಪವಾಗುತ್ತದೆಂದು
ಮೂರು ವರ್ಷದವನಿಗೆ ಯಾವ ಭಾಷೆಯಲ್ಲಿ ಹೇಳಲಿ?

ಗದಗಿನಿಂದ ಫೋನಿನಲ್ಲಿ ಅವ್ವ:
"ಔಡಲ ಎಣ್ಣಿ ಹಚ್ಚಿ ಎಲಿ ತೊಟ್ಟ ಇಡೋ ತಮ್ಮಾ,
ನಿನಗೂ ಹಂಗ ಮಾಡೀನಿ, ಸತ್ತ್ಯೇನ ನೀ?"
ಸತ್ತಿಲ್ಲವ್ವಾ.
ಆದರೆ ಆ ತೊಟ್ಟು ಇನ್ನೂ ನೆನಪಿದೆ.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು.
ಎಡಗಡೆ ಕೆಳಗೆ, ನನ್ನ ಬೆರಳನ್ನೂ ಇಟ್ಟು ತೋರಿಸಿದರು,
ನಾದಲು ಮರೆತ ಹಿಟ್ಟಿನ ಉಂಡೆಯ ಹಾಗೆ.
ಇಂತಿಷ್ಟು ದಿನ ಇಂತಿಷ್ಟು ಎಂದು ಏರುಲೆಕ್ಕ ಬರೆದು,
ಅಂಗಡಿಯಿಂದ ಬೇರೇನೂ ತಂದು ಕುಡಿಸಬೇಡಿ ಅಂದರು.
ಪೊಟ್ಟಣ ಹರಿದರೆ ಬಿಳಿ ಪುಡಿ.
ನೀರು ಅಳತೆಯಷ್ಟೇ. ತಿಳಿಯಾಗುವ ತನಕ ಕಲಕಬೇಕು.
ಹಿಟ್ಟು ಅಳೆಯುವ ಕೈಗೆ ಇದೇನು ದೊಡ್ಡದು?
"ಇದು ಕರುಳಿಗೆ ಚಾಟಿ ಬೀಸುವ ಔಷಧವಲ್ಲ,"
ನರ್ಸ್ ಮೊರೀನ್ ಅಂದಳು,
"ನೀರಿನ ಕೈಹಿಡಿದು ಕಲ್ಲಿನ ತನಕ ಕರೆದೊಯ್ಯುತ್ತದೆ, ಅಷ್ಟೆ."

ಮೂರನೆಯ ದಿನ ಚಡ್ಡಿಯಲ್ಲಿ ಬರೀ ನೀರು.
ಭೇದಿ ಹತ್ತಿತೆಂದು ಹೆದರಿ
ಯಾರನ್ನೂ ಕೇಳದೆ ನಿಲ್ಲಿಸಿಬಿಟ್ಟೆ.
ಶಾಂಭವಿ ಎರಡು ದಿನ ಮಾತಾಡಲಿಲ್ಲ.
ಆ ಎರಡು ದಿನವೂ ಪರದೆ ಅಲುಗಿತು.

ಮೊರೀನ್ ಬೈಯಲಿಲ್ಲ. ಕೇಳಿದಳು:
ವಾಂತಿಯಿದೆಯೇ? ಹೊಟ್ಟೆ ಉಬ್ಬಿದೆಯೇ? ಜ್ವರ?
ಇಲ್ಲ, ಇಲ್ಲ, ಇಲ್ಲ.
ಹಾಗಾದರೆ ಅದು ಭೇದಿಯಲ್ಲ,
ಬಂಡೆ ಅಡ್ಡ ಬಿದ್ದ ಹಳ್ಳದಲ್ಲಿ
ನೀರು ಸಂದಿ ಹುಡುಕಿಕೊಂಡದ್ದು.
ಡಾಕ್ಟರನ್ನು ಕೇಳಿ ಮತ್ತೆ ಫೋನ್ ಮಾಡಿದಳು:
ಬಂಡೆ ಇನ್ನೂ ಇದೆ. ಶುರು ಮಾಡಿ.

ಬ್ರೆಡ್ಡಿನ ಖಾಲಿ ಕ್ರೇಟು ತಂದು
ಕಮೋಡಿನ ಮುಂದೆ ಬೋರಲು ಹಾಕಿದೆ, ಅವನ ಪಾದಗಳಿಗೆ.
ಊಟವಾದ ಮೇಲೆ ಐದೇ ನಿಮಿಷ, ಗದರುವಂತಿಲ್ಲ.
ಸೋಪುನೀರಿನ ಗುಳ್ಳೆ ಊದಿಸಿದೆ:
ಉಸಿರು ಹೊರಗೆ ಹೋಗುವಾಗ
ಹೊಟ್ಟೆಯೂ ಪಟ್ಟು ಸಡಿಲಿಸುತ್ತದಂತೆ.
ನಾನು ನೆಲದಲ್ಲಿ ಕೂತು ನಿದ್ದೆ ಹೋಗಿದ್ದೆ.

"ಅಪ್ಪಾ."
ಅವನ ಕಣ್ಣಲ್ಲಿ ಖುಷಿಗಿಂತ ಅನುಮಾನ.
"ಅಪ್ಪಾ, ನೋವೇ ಆಗ್ಲಿಲ್ಲ."
ಸೋತವನೋ ಗೆದ್ದವನೋ ತಿಳಿಯದ ಪೈಲ್ವಾನ
ಕ್ರೇಟಿನ ಮೇಲೆ ಕಾಲೂರಿ
ಹೋಗುತ್ತಿರುವ ನೀರಿಗೆ ಟಾಟಾ ಮಾಡಿದ.

ಈಗ ಹನ್ನೊಂದನೆಯ ವಾರ.
"ಇನ್ನೂ ಕುಡಸಾಕತ್ತೀಯೇನೋ? ಚಟ ಆದೀತು," ಅವ್ವನ ಫೋನು.
ಚಟವಲ್ಲವ್ವಾ. ಹಿಗ್ಗಿದ ಕರುಳು ಮೊದಲಿನಂತಾಗಬೇಕು,
ಹೆದರಿದವನಿಗೆ ನಂಬಿಕೆ ಬರಬೇಕು.
ಎಂದು ಇಳಿಸುವುದೋ, ಡಾಕ್ಟರು ಹೇಳಲಿ.
ಒಮ್ಮೆ ನಾನೇ ನಿಲ್ಲಿಸಿ ನೋಡಿದ್ದೇನಲ್ಲ.

ಪರದೆ ಒಗೆದು ಮತ್ತೆ ತೂಗಿಸಿದೆವು.
ಅವನ ಮುಷ್ಟಿಯ ಎತ್ತರಕ್ಕೆ
ಒಂದು ಸುಕ್ಕು,
ಇಸ್ತ್ರಿಗೂ ಹೋಗಿಲ್ಲ.